ಶ್ವಾಸಕೋಶದ ಆಪರೇಷನ್‌ಗೆ ಮುಂಚೆ ಹಿರಿಯರ ಸ್ನಾಯು ಉಳಿಸಿಕೊಳ್ಳುವುದು ಹೇಗೆ: ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಶ್ವಾಸಕೋಶ ಕ್ಯಾನ್ಸರ್ ಆಪರೇಷನ್‌ಗೆ ಡೇಟ್ ಸಿಕ್ಕ ಮರುದಿನವೇ ಮಂಚ ನಡುಮನೆಗೆ ಬರುತ್ತದೆ. ಊಟ ಗಂಜಿಗೆ ಇಳಿಯುತ್ತದೆ. ನೀರಿನ ಲೋಟವೂ ಕುಳಿತಲ್ಲಿಗೇ ಬರುತ್ತದೆ. "ನೀವು ಏಳಬೇಡಿ ಅಪ್ಪಾಜಿ, ಇರೋ ಶಕ್ತಿ ಉಳಿಸ್ಕೊಳ್ಳಿ" ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಮೂರು ವಾರ ಕಳೆದು ಆಸ್ಪತ್ರೆಗೆ ಹೊರಡುವ ದಿನ ಅಪ್ಪಾಜಿಯನ್ನು ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕು.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಬರುವ ಮನೆಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ನೋಡಿದ್ದೇನೆ. ಯಾರೂ ಸೋಮಾರಿಗಳಲ್ಲ. ಕ್ರಮ ತಪ್ಪುತ್ತದೆ, ಅಷ್ಟೇ. ಅಳತೆ ಮಾಡದೆ ಶುರು ಮಾಡುತ್ತಾರೆ. ಮೊದಲ ದಿನವೇ ಪ್ರೋಟೀನ್ ಪೌಡರ್ ಡಬ್ಬಿ ತರುತ್ತಾರೆ. ವ್ಯಾಯಾಮ ಕೊನೆಯ ವಾರಕ್ಕೆ ಉಳಿಯುತ್ತದೆ. ಅದಕ್ಕೇ ಈ ಬರಹ.

## ಸ್ನಾಯುವಿಗೂ ಶ್ವಾಸಕೋಶಕ್ಕೂ ಏನು ಸಂಬಂಧ

ಶ್ವಾಸಕೋಶದ ಒಂದು ಭಾಗ ತೆಗೆದ ಮೇಲೆ ರೋಗಿ ಮಾಡಲೇಬೇಕಾದ ಕೆಲಸ ಎರಡು: ಗಟ್ಟಿಯಾಗಿ ಕೆಮ್ಮಿ ಕಫ ಹೊರಹಾಕುವುದು, ಎದ್ದು ಓಡಾಡುವುದು. ಎರಡಕ್ಕೂ ಸ್ನಾಯು ಬೇಕು. ಗಾಯ ಮಾಯಲು ಬೇಕಾದ ಪ್ರೋಟೀನನ್ನು ದೇಹ ಕೂಡಿಟ್ಟಿರುವುದೂ ಸ್ನಾಯುವಿನಲ್ಲೇ. ಆಪರೇಷನ್ ಆದ ದಿನಗಳಲ್ಲಿ ಹೊಟ್ಟೆಗೆ ಸರಿಯಾಗಿ ಬೀಳದಿದ್ದಾಗ ದೇಹ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಸ್ನಾಯು ಕಡಿಮೆ ಇರುವವರಿಗೆ ಶ್ವಾಸಕೋಶ ಕ್ಯಾನ್ಸರ್ ಆಪರೇಷನ್ ನಂತರ ನ್ಯುಮೋನಿಯಾದಂಥ ತೊಂದರೆ ಜಾಸ್ತಿ, ಆಸ್ಪತ್ರೆಯಲ್ಲಿ ಇರುವ ದಿನಗಳೂ ಜಾಸ್ತಿ, ಮುಂದಿನ ವರ್ಷಗಳಲ್ಲಿ ಬದುಕುಳಿಯುವ ಸಾಧ್ಯತೆ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇನ್ನೊಂದು ಕಡೆ, ಆಪರೇಷನ್‌ಗೆ ಮುಂಚೆ ವ್ಯಾಯಾಮ ಮಾಡಿದವರಲ್ಲಿ ಶ್ವಾಸಕೋಶದ ತೊಂದರೆ ಕಡಿಮೆ, ಮನೆಗೆ ಬೇಗ ಬರುತ್ತಾರೆ ಎಂಬುದೂ ಕಂಡುಬಂದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು-ನಾಲ್ಕು ವಾರದಲ್ಲಿ ತೊಡೆ ದಪ್ಪ ಆಗುವುದಿಲ್ಲ. ಆದರೆ ಕಸುವು ಬರುತ್ತದೆ, ದಮ್ಮು ಹತ್ತುವುದು ಕಡಿಮೆಯಾಗುತ್ತದೆ, ಇರುವ ಸ್ನಾಯು ಕರಗದೆ ಉಳಿಯುತ್ತದೆ. ಮಲಗಿದರೆ ಎಷ್ಟು ಹೋಗುತ್ತದೆ ಗೊತ್ತಾ? 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇಟ್ಟಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಅವರಿಗೆ ಕ್ಯಾನ್ಸರ್ ಇರಲಿಲ್ಲ.

## ಮೊದಲು ಕೈಗೆ ಇರಬೇಕಾದ ಸಾಮಾನು

ದರ್ಜಿ ಟೇಪು. ಕೈ ಇಲ್ಲದ, ಗಟ್ಟಿಯಾದ, ಮಾಮೂಲಿ ಎತ್ತರದ ಒಂದು ಕುರ್ಚಿ. ತೂಕದ ಯಂತ್ರ. ಸೆಕೆಂಡ್ ನೋಡಲು ಮೊಬೈಲು. ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಆಕ್ಸಿಮೀಟರ್. ಉಸಿರಿನ ಅಭ್ಯಾಸಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅರ್ಧ ಲೀಟರ್, ಒಂದು ಲೀಟರ್ ನೀರಿನ ಬಾಟಲಿ. ಒಂದು ನೋಟ್‌ಬುಕ್.

ಇಷ್ಟೇ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಸೋಫಾ ಬೇಡವೇ ಬೇಡ.

## ಹಂತ 1: ಅಳತೆ ಮಾಡಿ, ದಿನಾಂಕ ಹಾಕಿ ಬರೆಯಿರಿ

ಬಹಳ ಜನ ತೂಕ ಒಂದನ್ನೇ ನಂಬುತ್ತಾರೆ. ತೂಕ ಸರಿಯಿದ್ದರೂ ಒಳಗೆ ಸ್ನಾಯು ಕರಗಿ ಕೊಬ್ಬು ಉಳಿದಿರಬಹುದು. ಕಾಲಲ್ಲಿ ನೀರು ತುಂಬಿದ್ದರೂ ತೂಕ ಕಮ್ಮಿ ಆಗಿರುವುದು ಕಾಣುವುದಿಲ್ಲ. ಹೊಟ್ಟೆ ಇರುವ ಹಿರಿಯರ ವಿಷಯದಲ್ಲಿ ಮನೆಯವರು ಮೋಸ ಹೋಗುವುದು ಇಲ್ಲೇ. "ಅಪ್ಪ ಗುಂಡುಗುಂಡಾಗೇ ಇದಾರಲ್ಲ" ಎನ್ನುತ್ತಾರೆ. ಆದ್ದರಿಂದ ನಾಲ್ಕು ಅಳತೆ ತೆಗೆದುಕೊಳ್ಳಿ.

ಮೀನಖಂಡದ ಸುತ್ತಳತೆ. ಕುರ್ಚಿಯಲ್ಲಿ ಕೂರಿಸಿ. ಪಾದ ನೆಲಕ್ಕೆ ತಾಗಿರಲಿ, ಮೊಣಕಾಲು ಲಂಬಕೋನದಲ್ಲಿ ಮಡಚಿರಲಿ. ಮೀನಖಂಡ ಎಲ್ಲಿ ಅತಿ ದಪ್ಪವೋ ಅಲ್ಲಿ ಟೇಪು ಸುತ್ತಿ. ಚರ್ಮ ಅದುಮಬಾರದು. ಏಷ್ಯಾದವರಿಗಾಗಿ 2019ರಲ್ಲಿ ತಜ್ಞರು ಕೊಟ್ಟ ಗಡಿ ಹೀಗಿದೆ: ಗಂಡಸರಿಗೆ 34 ಸೆಂಟಿಮೀಟರ್‌ಗಿಂತ ಕಡಿಮೆ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕಮ್ಮಿ ಇರಬಹುದು ಎಂಬ ಅನುಮಾನ. ಕಾಲು ಊದಿದ್ದರೆ ಈ ಅಳತೆ ಉಪಯೋಗಕ್ಕೆ ಬರುವುದಿಲ್ಲ.

ಐದು ಸಲ ಏಳುವುದು. ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಅದನ್ನೇ ಬರೆಯಿರಿ, ಒತ್ತಾಯ ಬೇಡ.

ಆರು ಮೀಟರ್ ನಡಿಗೆ. ಪಡಸಾಲೆಯಲ್ಲೋ ಅಂಗಳದಲ್ಲೋ ಆರು ಮೀಟರ್ ಗುರುತು ಹಾಕಿ. ದಿನಾ ನಡೆಯುವ ವೇಗದಲ್ಲೇ ನಡೆಯಲಿ. ಆರು ಸೆಕೆಂಡ್‌ಗಿಂತ ಜಾಸ್ತಿ ಆದರೆ ನಿಧಾನ ಎಂದು ಲೆಕ್ಕ.

ತೂಕ. ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ವಾರಕ್ಕೊಂದು ಸಲ. ಆರು ತಿಂಗಳ ಹಿಂದೆ ಎಷ್ಟಿತ್ತು ಎಂಬುದನ್ನೂ ಹುಡುಕಿ. ಹಳೆಯ ಚೀಟಿಗಳಲ್ಲಿ ಎಲ್ಲೋ ಬರೆದಿರುತ್ತಾರೆ. ಸಿಗದಿದ್ದರೆ ಪ್ಯಾಂಟಿನ ಬೆಲ್ಟ್ ಎಷ್ಟು ತೂತು ಒಳಗೆ ಹೋಗಿದೆ, ಬಳೆ ಎಷ್ಟು ಸಡಿಲ ಆಗಿದೆ ನೋಡಿ. ಅದೂ ಲೆಕ್ಕವೇ.

ಅಪಾಯದ ಗುರುತು: ಆರು ತಿಂಗಳಲ್ಲಿ ನೂರಕ್ಕೆ 10 ಭಾಗ ತೂಕ ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 54ಕ್ಕೆ ಬಂದಿದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಹೇಳಿ. ಇಂಥವರಿಗೆ ಒಂದೆರಡು ವಾರ ಆಹಾರದ ಚಿಕಿತ್ಸೆ ಕೊಟ್ಟು ಆಮೇಲೆ ಆಪರೇಷನ್ ಮಾಡುವ ತೀರ್ಮಾನ ಅವರು ತೆಗೆದುಕೊಳ್ಳಬಹುದು.

## ಹಂತ 2: ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅಳತೆ ತೋರಿಸಿ ಈ ಪ್ರಶ್ನೆಗಳನ್ನು ಕೇಳಿ. ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ಮರೆತುಹೋಗುತ್ತದೆ.

ವ್ಯಾಯಾಮ ಮಾಡಬಹುದಾ, ಎಷ್ಟರ ಮಟ್ಟಿಗೆ? ಆಕ್ಸಿಮೀಟರ್ ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕು? ಕಿಡ್ನಿ ಸರಿ ಇದೆಯಾ, ಪ್ರೋಟೀನ್ ಜಾಸ್ತಿ ಕೊಡಬಹುದಾ? ರಕ್ತ ಕಡಿಮೆ ಇದೆಯಾ? ಮೂಳೆಗೆ ಏನಾದರೂ ಹರಡಿದೆಯಾ? ಆಪರೇಷನ್‌ಗೆ ಮುಂಚೆ ಕೀಮೋ ಇದೆಯಾ?

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: "ಈಗಾಗಲೇ ಮಾಡಿಸಿರುವ ಸ್ಕ್ಯಾನ್‌ನಲ್ಲಿ ಸ್ನಾಯು ಎಷ್ಟಿದೆ ನೋಡಲು ಆಗುತ್ತಾ?" ಸೊಂಟದ ಮೂರನೇ ಬೆನ್ನುಮೂಳೆಯ ಮಟ್ಟದ ಸಿಟಿ ಚಿತ್ರದಲ್ಲಿ ಸ್ನಾಯುವಿನ ಅಳತೆ ತೆಗೆಯುತ್ತಾರೆ. ಪೆಟ್-ಸಿಟಿ (ಕ್ಯಾನ್ಸರ್ ಎಲ್ಲಿಗಾದರೂ ಹರಡಿದೆಯಾ ಎಂದು ನೋಡುವ ಸ್ಕ್ಯಾನ್) ಮಾಡಿಸಿದ್ದರೆ ಆ ಚಿತ್ರ ಅದರಲ್ಲೇ ಇರುತ್ತದೆ. ಹೊಸ ಸ್ಕ್ಯಾನಿಗೆ ದುಡ್ಡು ಹಾಕಬೇಕಿಲ್ಲ. ಎಲ್ಲ ಕಡೆ ಈ ಲೆಕ್ಕ ಮಾಡುವುದಿಲ್ಲ, ಗಡಿ ಸಂಖ್ಯೆಯೂ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ ಇದೆ. ಹಾಗಾಗಿ ಮೊಬೈಲಿನಲ್ಲಿ ಸಂಖ್ಯೆ ಹುಡುಕಿ ಹೆದರಬೇಡಿ.

ಬಹಳ ಮುಖ್ಯ: "ಸ್ವಲ್ಪ ಮೈ ಕೂಡಲಿ, ಆಮೇಲೆ ಮಾಡಿಸೋಣ" ಎಂದು ಮನೆಯಲ್ಲೇ ತೀರ್ಮಾನ ಮಾಡಿ ಆಪರೇಷನ್ ಮುಂದೂಡಬೇಡಿ. ಕ್ಯಾನ್ಸರ್ ಕಾಯುವುದಿಲ್ಲ. ದಿನಾಂಕ ಬದಲಿಸುವುದಾದರೆ ಅದು ಸರ್ಜನ್ ಮಾಡುವ ತೀರ್ಮಾನ. ಮುಂಚೆ ಕೀಮೋ ಇದ್ದರೆ ಮಾತ್ರ ನಿಮಗೆ ಕೆಲವು ವಾರ ಜಾಸ್ತಿ ಸಿಗುತ್ತದೆ. ಆದರೆ ಸ್ನಾಯು ಜಾಸ್ತಿ ಕರಗುವ ಕಾಲವೂ ಅದೇ. ಅಷ್ಟೂ ವಾರ ಇದೇ ಕ್ರಮ ನಡೆಯಲಿ.

## ಹಂತ 3: ಬೀಡಿ ಇವತ್ತೇ ನಿಲ್ಲಬೇಕು

ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಬೀಡಿ, ಸಿಗರೇಟು, ಕುಡಿತ ಎಲ್ಲ ನಿಲ್ಲಬೇಕು ಎನ್ನುತ್ತವೆ ಮಾರ್ಗಸೂಚಿಗಳು. ನಿಮ್ಮ ಹತ್ತಿರ ಎರಡೇ ವಾರ ಇದ್ದರೂ ಬಿಡಿಸಿ. "ಈಗ ಬಿಟ್ಟರೆ ಕಫ ಜಾಸ್ತಿ ಆಗುತ್ತೆ, ಆಪರೇಷನ್ ಆದ ಮೇಲೆ ಬಿಡ್ತಾರೆ ಬಿಡಿ" ಎನ್ನುವವರ ಮಾತು ಕೇಳಬೇಡಿ. ದಿನಾ ಕುಡಿಯುವ ಅಭ್ಯಾಸ ಇದ್ದವರು ಮಾತ್ರ ಒಮ್ಮೆಲೇ ನಿಲ್ಲಿಸುವ ಮುಂಚೆ ಡಾಕ್ಟರಿಗೆ ಹೇಳಬೇಕು, ಕೈ ನಡುಕ, ಗೊಂದಲ ಬರಬಹುದು. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ.

ಒಲೆಯ ಹೊಗೆ, ಮೆಕ್ಕೆಜೋಳ ಬಿಡಿಸುವಾಗಿನ ಧೂಳು, ಇವುಗಳಿಂದಲೂ ದೂರ ಇರಿಸಿ. ಸುಗ್ಗಿಯ ಸಮಯವಾದರೆ ಕಣದ ಹತ್ತಿರ ಹೋಗುವುದು ಬೇಡ.

## ಹಂತ 4: ಊಟ ಸರಿ ಮಾಡಿ

ಎಲ್ಲರೂ ಜಾಸ್ತಿ ಸೋಲುವ ಹಂತ ಇದು.

ಕ್ಯಾನ್ಸರ್ ಇರುವವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1 ಗ್ರಾಂಗಿಂತ ಕಡಿಮೆ ಪ್ರೋಟೀನ್ ಇರಬಾರದು, ಸಾಧ್ಯವಾದರೆ 1.5 ಗ್ರಾಂವರೆಗೆ ಇರಲಿ ಎನ್ನುತ್ತವೆ ಆಹಾರ ತಜ್ಞರ ಮಾರ್ಗಸೂಚಿಗಳು. ಹಿರಿಯರಿಗೆ ನಾನು 1.2ರಿಂದ 1.5 ಇಟ್ಟುಕೊಳ್ಳಿ ಎನ್ನುತ್ತೇನೆ. ವಯಸ್ಸಾದ ದೇಹ ಅಷ್ಟೇ ಪ್ರೋಟೀನ್‌ನಿಂದ ಕಡಿಮೆ ಸ್ನಾಯು ಕಟ್ಟುತ್ತದೆ. 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ನಿಮ್ಮದಲ್ಲ, ಡಾಕ್ಟರು ಹೇಳಿದ್ದೇ ಲೆಕ್ಕ.

ಈಗ ಮನೆಯಲ್ಲಿ ಏನು ಕೊಡುತ್ತಿದ್ದೀರಿ ನೋಡಿ. ಒಂದು ಲೋಟ ರಾಗಿ ಗಂಜಿಗೆ ಹಾಕುವ ಹಿಟ್ಟು ಎರಡು ಚಮಚ. ಅದರಲ್ಲಿ ಪ್ರೋಟೀನ್ ಎರಡು ಗ್ರಾಂ ಕೂಡ ಇಲ್ಲ. ಸಂಜೆಯ ಒಂದು ತಟ್ಟೆ ಮಂಡಕ್ಕಿಯಲ್ಲಿ ಸುಮಾರು ಮೂರು ಗ್ರಾಂ. ತಿಳಿಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ, ಅಪ್ಪಾಜಿ ತಟ್ಟೆಗೆ ಬರುವುದು ಮೇಲಿನ ನೀರು. ಎಳನೀರು, ಹಣ್ಣಿನ ಜ್ಯೂಸು, ಗ್ಲೂಕೋಸ್ ನೀರು ಇವುಗಳಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ದಿನವಿಡೀ ಏನಾದರೂ ಕೊಡುತ್ತಲೇ ಇದ್ದೀರಿ, ಆದರೂ ಲೆಕ್ಕ 25 ಗ್ರಾಂ ದಾಟುವುದಿಲ್ಲ. ಇದನ್ನು ಒಂದು ಹೊಳಲ್ಕೆರೆ ಮನೆಯವರ ಜೊತೆ ಕೂತು ಕಾಗದದ ಮೇಲೆ ಕೂಡಿಸಿದಾಗ ಆ ತಾಯಿ ಅತ್ತುಬಿಟ್ಟರು. ತಪ್ಪು ಅವರದಲ್ಲ. ಕಾಯಿಲೆ ಅಂದರೆ ಗಂಜಿ ಎಂದೇ ನಾವೆಲ್ಲ ಕಲಿತಿರುವುದು.

ನಮ್ಮ ಕಡೆಯ ಊಟದಲ್ಲೇ ಬೇಕಾದಷ್ಟು ಇದೆ. ಸುಮಾರು ಲೆಕ್ಕ ಹೀಗೆ:

- ಹಾಲು, 200 ಮಿಲಿ: 6 ಗ್ರಾಂ
- ಗಟ್ಟಿ ಮೊಸರು, 100 ಗ್ರಾಂ: 3 ಗ್ರಾಂ
- ಒಂದು ಮೊಟ್ಟೆ: 6 ಗ್ರಾಂ
- ಒಂದು ಜೋಳದ ರೊಟ್ಟಿ, 50 ಗ್ರಾಂ ಹಿಟ್ಟಿನದು: 5 ಗ್ರಾಂ
- ತೊಗರಿಬೇಳೆ, ಹೆಸರುಕಾಳು ಅಥವಾ ಹುರುಳಿ, 40 ಗ್ರಾಂ ಒಣದು: 9 ಗ್ರಾಂ
- ಕಡಲೆಹಿಟ್ಟಿನ ಜುಣಕ, 40 ಗ್ರಾಂ ಹಿಟ್ಟಿನದು: 8 ಗ್ರಾಂ
- ಶೇಂಗಾ, 30 ಗ್ರಾಂ: 7 ಗ್ರಾಂ
- ಪನೀರ್, 50 ಗ್ರಾಂ: 9 ಗ್ರಾಂ
- ಸೋಯಾ ಚಂಕ್ಸ್, 30 ಗ್ರಾಂ ಒಣದು: 15 ಗ್ರಾಂ

ಮೊಟ್ಟೆ ತಿನ್ನದ ಮನೆಯ ಒಂದು ದಿನ ಹೀಗಿರಬಹುದು. ಎದ್ದ ಮೇಲೆ ಒಂದು ಲೋಟ ಹಾಲು. ತಿಂಡಿಗೆ ಒಂದು ರೊಟ್ಟಿ, ಜುಣಕ, ಮೊಸರು. ಮಧ್ಯಾಹ್ನ ಮುದ್ದೆ, ಗಟ್ಟಿ ಬೇಳೆ, ತಿಂಡಿಯ ಒಂದೂವರೆ ಪಟ್ಟು ಮೊಸರು. ನಾಲ್ಕು ಗಂಟೆಗೆ ಒಂದು ಹಿಡಿ ಶೇಂಗಾ. ರಾತ್ರಿ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಮಲಗುವಾಗ ಹಾಲು. ಕೂಡಿಸಿದರೆ 65 ಗ್ರಾಂ ಆಸುಪಾಸು. ಎಲ್ಲ ಪ್ರೋಟೀನನ್ನೂ ಒಂದೇ ಹೊತ್ತಿಗೆ ತುರುಕಬೇಡಿ, ಮೂರು ಊಟಕ್ಕೂ ಹಂಚಿ.

"ತಿನ್ನಲಿಕ್ಕೇ ಆಗಲ್ಲ" ಎಂದರೆ ಯಾಕೆ ಎಂದು ನೋಡಿ. ಬಹಳ ಸಲ ಹಲ್ಲಿನ ಸೆಟ್ ಸಡಿಲ ಆಗಿರುತ್ತದೆ. ದವಡೆಯ ಮಾಂಸವೂ ಕರಗುತ್ತದಲ್ಲ. ಆಗ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ, ಶೇಂಗಾ ಪುಡಿ ಮಾಡಿ ಗಂಜಿಗೆ ಎರಡು ದೊಡ್ಡ ಚಮಚ ಹಾಕಿ, ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ. ಗಂಜಿ ಬಿಡಬೇಕಿಲ್ಲ, ಅದರೊಳಗೆ ಏನಿದೆ ಅನ್ನುವುದು ಬದಲಾಗಬೇಕು. ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ, ಸೆಟ್ ತೊಳೆಸಿ. ಬಾಯಿ ಸ್ವಚ್ಛ ಇದ್ದರೆ ಆಪರೇಷನ್ ನಂತರದ ನ್ಯುಮೋನಿಯಾ ಅಪಾಯವೂ ಕಡಿಮೆ.

ಬೆಣ್ಣೆ ದೋಸೆ ಬೇಡ ಎಂದು ನಾನು ಹೇಳುವುದಿಲ್ಲ. ತೂಕ ಇಳಿಯುತ್ತಿರುವವರಿಗೆ ಬೆಣ್ಣೆಯ ಕ್ಯಾಲೊರಿಯೂ ಬೇಕು. ಕ್ಯಾಲೊರಿ ಸಾಲದಿದ್ದರೆ ದೇಹ ಪ್ರೋಟೀನನ್ನೇ ಉರಿಸಿಬಿಡುತ್ತದೆ. ದೋಸೆಯ ಜೊತೆ ಒಂದು ಲೋಟ ಹಾಲು ಇರಲಿ.

ಡಬ್ಬಿ ಪೌಡರ್ ಕೊನೆಗೆ. ಊಟದಿಂದ ಲೆಕ್ಕ ಮುಟ್ಟದಿದ್ದರೆ ಮಾತ್ರ. ಡಬ್ಬಿ ತಿರುಗಿಸಿ ಒಂದು ಸಲದ ಅಳತೆಗೆ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಸಕ್ಕರೆ ಎಂದು ಓದಿ. ಮಕ್ಕಳಿಗೆ ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಸಕ್ಕರೆಯೇ ಜಾಸ್ತಿ. ಶುಗರ್ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಹೆಸರಿಲ್ಲದ ಪುಡಿ, ಯಾರೋ ಕೊಟ್ಟ ಲೇಹ್ಯ ಈ ವಾರಗಳಲ್ಲಿ ಬೇಡ. ಏನಾದರೂ ಕೊಡುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಮುಚ್ಚಿಡಬೇಡಿ.

ಉಪವಾಸದ ಬಗ್ಗೆ: ಶ್ರಾವಣ ಸೋಮವಾರವೋ ಏಕಾದಶಿಯೋ ಇದ್ದರೆ ಹಿರಿಯರು ಬಿಡಲು ಒಪ್ಪುವುದಿಲ್ಲ. ವಾದ ಬೇಡ. ಉಪವಾಸಕ್ಕೆ ನಡೆಯುವ ಹಾಲು, ಮೊಸರು, ಶೇಂಗಾ ಅವತ್ತು ಎರಡು ಪಟ್ಟು ಕೊಡಿ.

ಅಪಾಯದ ಗುರುತು: ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೇ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡಬಾರದು. ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ತೊಂದರೆ ಆಗಬಹುದು. ಅಂಥವರಿಗೆ ಆಸ್ಪತ್ರೆಯಲ್ಲೇ ನಿಧಾನವಾಗಿ ಶುರು ಮಾಡಬೇಕು. ನೀರು ಕುಡಿದಾಗೆಲ್ಲ ಕೆಮ್ಮು ಬಂದರೆ, ದನಿ ಒಡೆದಿದ್ದರೆ, ಅದನ್ನೂ ಕೂಡಲೇ ತಿಳಿಸಿ.

## ಹಂತ 5: ಉಸಿರಿನ ಅಭ್ಯಾಸ

ಮೂರು ಚೆಂಡಿನ ಸ್ಪೈರೋಮೀಟರ್ ತಂದವರಲ್ಲಿ ಅರ್ಧದಷ್ಟು ಜನ ಅದನ್ನು ಊದುತ್ತಾರೆ. ಊದುವುದಲ್ಲ, ಎಳೆಯುವುದು.

ಬೆನ್ನು ನೇರ ಮಾಡಿ ಕೂರಿಸಿ. ಮೊದಲು ಉಸಿರು ಪೂರ್ತಿ ಬಿಡಲಿ. ನಳಿಕೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ, ಆಳವಾಗಿ ಒಳಗೆ ಎಳೆಯಲಿ. ಚೆಂಡು ಮೇಲೆ ಮೂರು-ಐದು ಸೆಕೆಂಡ್ ನಿಲ್ಲಬೇಕು. ಒಂದೇ ಜಗ್ಗಿಗೆ ಮೂರೂ ಚೆಂಡು ಹಾರಿಸುವುದಕ್ಕಿಂತ ಒಂದು ಚೆಂಡನ್ನು ನಿಲ್ಲಿಸುವುದೇ ಒಳ್ಳೆಯದು. ಸಲಕ್ಕೆ ಹತ್ತು ಉಸಿರು, ಎಚ್ಚರ ಇರುವಾಗ ಗಂಟೆಗೊಮ್ಮೆ. ನಡುವೆ ತಲೆ ಸುತ್ತಿದರೆ ಒಂದು ನಿಮಿಷ ನಿಲ್ಲಿಸಿ.

ಕೆಮ್ಮುವುದನ್ನೂ ಈಗಲೇ ಕಲಿಸಿ. ದಿಂಬನ್ನು ಎದೆಯ ಪಕ್ಕಕ್ಕೆ ಅವುಚಿಕೊಂಡು, ಬಾಯಿ ತೆರೆದು, ಕನ್ನಡಕಕ್ಕೆ ಹಬೆ ಹಿಡಿಸುವ ಹಾಗೆ "ಹಾ" ಎಂದು ಎರಡು ಸಲ, ಆಮೇಲೆ ಒಂದು ಗಟ್ಟಿ ಕೆಮ್ಮು. ನೋವಿನ ನಡುವೆ ಹೊಸದಾಗಿ ಕಲಿಯಲು ಆಗುವುದಿಲ್ಲ.

## ಹಂತ 6: ಕಾಲಿಗೆ ಕೆಲಸ ಕೊಡಿ

ಶುರು ಮಾಡುವ ಮುಂಚೆ ನಿಲ್ಲಿಸುವುದು ಯಾವಾಗ ಎಂದು ತಿಳಿದಿರಲಿ. ಎದೆನೋವು, ತಲೆಸುತ್ತು, ಎದೆ ಬಡಿತ ಏರುಪೇರಾಗುವುದು, ಕಫದಲ್ಲಿ ರಕ್ತ, ಕೂತು ಐದು ನಿಮಿಷ ಆದರೂ ಇಳಿಯದ ದಮ್ಮು, ಡಾಕ್ಟರು ಹೇಳಿದ ಗಡಿಗಿಂತ ಕೆಳಗೆ ಇಳಿದ ಆಕ್ಸಿಜನ್. ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ. ಒಂದೇ ಕಾಲು ಊದಿ ನೋವಾಗುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಆ ಕಾಲನ್ನು ತಿಕ್ಕಬೇಡಿ. ರಾತ್ರಿ ಎಬ್ಬಿಸುವಂಥ ಹೊಸ ಬೆನ್ನುನೋವು ಬಂದರೂ ವ್ಯಾಯಾಮ ಬಿಟ್ಟು ಮೊದಲು ತೋರಿಸಿ. ಜ್ವರ ಇದ್ದ ದಿನ ರಜೆ.

ಕುರ್ಚಿ. ಎಲ್ಲಕ್ಕಿಂತ ಮುಖ್ಯ ಇದೇ. ಸಮಯ ಇಲ್ಲದಿದ್ದರೆ ಉಳಿದಿದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿಸಿ. ಕುರ್ಚಿಯಿಂದ ಎದ್ದು, ನಿಧಾನವಾಗಿ ನಾಲ್ಕು ಎಣಿಸುತ್ತಾ ಕೂರುವುದು. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಮೊದಲ ವಾರ ಐದು ಸಲ, ಎರಡು ಸುತ್ತು. ಆಮೇಲೆ ಎಂಟು-ಹತ್ತು ಸಲ, ಮೂರು ಸುತ್ತು. ಸುತ್ತುಗಳ ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಲಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸುಲಭ ಆಗಿಬಿಟ್ಟರೆ ಒಂದು ಲೀಟರ್ ಬಾಟಲಿ ಎದೆಗೆ ಅವುಚಿಕೊಳ್ಳಲಿ. ಏಳಲಾಗದವರು ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಂಡು ಶುರು ಮಾಡಲಿ. ಏಳುವಾಗ ಉಸಿರು ಬಿಡಬೇಕು, ಕಟ್ಟಬಾರದು.

ಹಿಮ್ಮಡಿ ಎತ್ತುವುದು. ಅಡುಗೆಕಟ್ಟೆ ಹಿಡಿದು ಹತ್ತು ಸಲ.

ಗೋಡೆ ತಳ್ಳುವುದು, ಬಾಟಲಿ ಎತ್ತುವುದು. ಅರ್ಧ ಲೀಟರ್ ಬಾಟಲಿಯಿಂದ ಶುರು. ತೋಳು, ಭುಜದ ಬಲ ಆಪರೇಷನ್ ನಂತರ ಹಾಸಿಗೆಯಿಂದ ಏಳಲು ಬೇಕು.

ಇವು ದಿನ ಬಿಟ್ಟು ದಿನ. ನಡಿಗೆ ಮಾತ್ರ ದಿನಾ. ಹತ್ತು ನಿಮಿಷ, ಎರಡು ಹೊತ್ತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ದಮ್ಮು ಹತ್ತಿದರೆ ನಿಂತು ಮತ್ತೆ ನಡೆಯಲಿ, ನಿಂತಿದ್ದು ಸೋಲಲ್ಲ. ವಾರಕ್ಕೆ ಐದು ನಿಮಿಷ ಏರಿಸಿ. ದಾವಣಗೆರೆಯವರಿಗೆ ಕುಂದುವಾಡ ಕೆರೆ ದಂಡೆ ಇದೆ, ಸಮತಟ್ಟು. ಬೇಸಿಗೆಯಲ್ಲಿ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಬಿಸಿಲು ಗೊತ್ತಲ್ವಾ, ಏಳೂವರೆ ಒಳಗೆ ಮುಗಿಸಿ. ಚಿತ್ರದುರ್ಗದವರೊಬ್ಬರು ಅಪ್ಪನ ದಮ್ಮು ಪರೀಕ್ಷೆ ಮಾಡಲು ಕೋಟೆ ಹತ್ತಿಸಿದ್ದರು. ದಯವಿಟ್ಟು ಬೇಡ. ಕಲ್ಲಿನ ಮೆಟ್ಟಿಲು ಒಂದೊಂದು ಎತ್ತರ, ನಡುವೆ ಸುಸ್ತಾದರೆ ಇಳಿಸುವುದು ಕಷ್ಟ. ಮೆಟ್ಟಿಲು ಹತ್ತಿಸಿ ನೋಡುವ ಪರೀಕ್ಷೆ ಆಸ್ಪತ್ರೆಯಲ್ಲೂ ಇದೆ, ಅದು ಅಲ್ಲಿಯೇ ಆಗಲಿ.

ವ್ಯಾಯಾಮ ಆದ ಮೇಲೆ ಒಂದು ಗಂಟೆಯೊಳಗೆ ಹಾಲೋ ಕಾಳೋ ಹೊಟ್ಟೆಗೆ ಬೀಳಲಿ. ಶುಗರ್ ಮಾತ್ರೆ, ಇನ್ಸುಲಿನ್ ಇರುವವರು ಬರಿ ಹೊಟ್ಟೆಯಲ್ಲಿ ಮಾಡಬಾರದು.

ವ್ಯಾಯಾಮ ಬಿಟ್ಟ ಉಳಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಲೋಟ ಕೈಗೆ ಕೊಡಬೇಡಿ, ಅಡುಗೆಮನೆಗೆ ಅವರೇ ಬರಲಿ. ಊಟ ಮಂಚದ ಮೇಲೆ ಬೇಡ. ನೋಡಲು ಬಂದ ನೆಂಟರು "ಯಾಕೆ ಓಡಾಡಿಸ್ತೀರಿ, ಪಾಪ" ಎಂದೇ ಎನ್ನುತ್ತಾರೆ. ನೋಟ್‌ಬುಕ್ ತೋರಿಸಿ. ಮಾತಿಗಿಂತ ಅದು ಕೆಲಸ ಮಾಡುತ್ತದೆ.

ಪ್ರತಿ ವಾರ ಹಂತ 1ರ ಅಳತೆ ಮತ್ತೆ ತೆಗೆಯಿರಿ. ಕುರ್ಚಿಯ ಸೆಕೆಂಡ್ ಮೊದಲು ಇಳಿಯುತ್ತದೆ. ಮೀನಖಂಡ ಹಾಗೇ ಇದ್ದರೆ ಬೇಜಾರು ಬೇಡ, ಈ ಕಾಲದಲ್ಲಿ ಕಡಿಮೆ ಆಗದಿರುವುದೇ ಗೆಲುವು. ಎರಡು ವಾರ ಸತತ ತೂಕ ಇಳಿದರೆ ಆಹಾರ ತಜ್ಞರನ್ನು ಕಾಣಿ.

## ಹಂತ 7: ಕೊನೆಯ ಎರಡು ದಿನ

ಆಪರೇಷನ್ ಬೆಂಗಳೂರಿನಲ್ಲಿದ್ದರೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಹಿಂದಿನ ದಿನವೇ ಹೋಗಿ. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿ. ಆಯುಷ್ಮಾನ್ ಕಾರ್ಡು, ಆಧಾರ್, ಹಳೆಯ ಸ್ಕ್ಯಾನ್ ಸಿಡಿಗಳನ್ನು ಒಂದೇ ಚೀಲದಲ್ಲಿಡಿ. ಕಾಗದಪತ್ರಕ್ಕೆ ಓಡಾಡುವ ದಿನಗಳಲ್ಲಿ ಅಪ್ಪಾಜಿ ಊಟ ತಪ್ಪುವುದನ್ನು ಬಹಳ ನೋಡಿದ್ದೇನೆ. ಒಬ್ಬರು ಕಾಗದಕ್ಕೆ, ಒಬ್ಬರು ಊಟಕ್ಕೆ ಎಂದು ಹಂಚಿಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಹಿಂದಿನ ರಾತ್ರಿ ಎಂಟಕ್ಕೇ ಎಲ್ಲ ಬಂದ್ ಮಾಡಿ ಮರುದಿನ ಮಧ್ಯಾಹ್ನದವರೆಗೆ ಒಂದು ಹನಿ ನೀರೂ ಕೊಡದೆ ಕೂರಿಸುವ ರೂಢಿ ಇದೆ. ಈಗಿನ ಮಾರ್ಗಸೂಚಿ ಪ್ರಕಾರ ಗಟ್ಟಿ ಆಹಾರ ಆರು ಗಂಟೆ ಮುಂಚೆಯವರೆಗೆ, ಬರಿ ನೀರು ಎರಡು ಗಂಟೆ ಮುಂಚೆಯವರೆಗೆ ಕೊಡಬಹುದು. ಆದರೆ ಎಲ್ಲರಿಗೂ ಅಲ್ಲ. ನಿಮ್ಮ ಅರಿವಳಿಕೆ ಡಾಕ್ಟರನ್ನೇ ಕೇಳಿ, ಅವರು ಹೇಳಿದ ಗಂಟೆ ಬರೆದುಕೊಳ್ಳಿ.

## ಹಂತ 8: ಆಪರೇಷನ್ ಆದ ಮೇಲೆ

ಮೊದಲ 24 ಗಂಟೆಯೊಳಗೆ ಕುರ್ಚಿಗೆ ಕೂರಿಸಿ ಎಂದು ನರ್ಸ್ ಹೇಳಿದಾಗ ಮನೆಯವರೇ ತಡೆಯುತ್ತಾರೆ. ತಡೆಯಬೇಡಿ. ಎದೆಯಲ್ಲಿ ಟ್ಯೂಬ್ ಇದ್ದರೂ ಅದಕ್ಕೆ ಜೋಡಿಸಿದ ಡಬ್ಬಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಹಿಡಿದು ನಡೆಸಬಹುದು, ಸಿಬ್ಬಂದಿ ಜೊತೆಯಲ್ಲಿರಲಿ.

ನೋವನ್ನು ತಡೆದುಕೊಳ್ಳುವುದು ಇಲ್ಲಿ ದೊಡ್ಡಸ್ತಿಕೆಯಲ್ಲ. ನಮ್ಮ ಹಿರಿಯರು ನೋವು ಹೇಳುವುದೇ ಇಲ್ಲ. ನೋವಿದ್ದರೆ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಕಫ ಒಳಗೇ ನಿಲ್ಲುತ್ತದೆ. "ಹತ್ತರಲ್ಲಿ ಎಷ್ಟು ನೋವು" ಎಂದು ನೀವೇ ಕೇಳಿ, ನರ್ಸಿಗೆ ಹೇಳಿ. ಸ್ಪೈರೋಮೀಟರ್, ದಿಂಬಿನ ಕೆಮ್ಮು ಗಂಟೆಗೊಮ್ಮೆ ನಡೆಯಲಿ. ಆಪರೇಷನ್ ಆದ ಕಡೆಯ ಭುಜವನ್ನು ಹಿಡಿದಿಟ್ಟುಕೊಂಡರೆ ಜಡ್ಡುಗಟ್ಟುತ್ತದೆ. ತಲೆ ಬಾಚುವುದು, ಅಂಗಿ ಹಾಕುವುದು ಅದೇ ಕೈಯಿಂದ ಆಗಲಿ.

ಮನೆಗೆ ಬಂದ ಮೇಲೆ ಕೊಡ ಹೊರುವುದು, ಮೂಟೆ ಎತ್ತುವುದು ಸರ್ಜನ್ ಹೇಳುವವರೆಗೆ ಬೇಡ. ಕುರ್ಚಿ ಮತ್ತು ನಡಿಗೆ ಬೇಕು. ಜ್ವರ, ಕಫದ ಬಣ್ಣ ಬದಲಾಗುವುದು, ಹೆಚ್ಚುತ್ತಿರುವ ದಮ್ಮು, ಗಾಯದಿಂದ ಕೀವು, ಹಠಾತ್ ಎದೆನೋವು ಬಂದರೆ ಬೆಂಗಳೂರಿಗೆ ಹೊರಡುವ ಯೋಚನೆಯಲ್ಲಿ ಹೊತ್ತು ಕಳೆಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ಹೋಗಿ.

ಬಹಳ ಮನೆಗಳಲ್ಲಿ ಇಲ್ಲಿಗೆ ನೋಟ್‌ಬುಕ್ ಮುಚ್ಚುತ್ತಾರೆ. ಕೆಲವರಿಗೆ ಆಪರೇಷನ್ ಆದ ಮೇಲೂ ಕೀಮೋ ಇರುತ್ತದೆ. ಅದನ್ನು ತಡೆದುಕೊಳ್ಳುತ್ತಾರಾ ಎಂದು ನೋಡುವಾಗ ಡಾಕ್ಟರು ರೋಗಿ ಎಷ್ಟು ಓಡಾಡುತ್ತಾರೆ, ತೂಕ ಎಷ್ಟಿದೆ ಎಂಬುದನ್ನೇ ಮೊದಲು ಗಮನಿಸುತ್ತಾರೆ. ಹಾಗಾಗಿ ಮನೆಗೆ ಬಂದ ವಾರವೇ ಹೊಸ ಪುಟ ತೆರೆದು ದಿನಾಂಕ ಹಾಕಿ. ತೂಕ, ಮೀನಖಂಡ, ಆರು ಮೀಟರ್. ಐದು ಸಲ ಏಳುವುದನ್ನು ಅವರಿಗೆ ಆಗುತ್ತದೆ ಅನ್ನಿಸಿದ ದಿನ ಸೇರಿಸಿ. ಕುರ್ಚಿ ಅದೇ ಇರಲಿ, ಗೋಡೆಯೂ ಅದೇ.